ನಾರಾಯಣಸ್ವಾಮಿ ಮೇಷ್ಟ್ರ ನಾಲ್ಕು ಶೀಲ

ಡಿಸೆಂಬರ್ ಬಂತೆಂದರೆ ನಾರಾಯಣಸ್ವಾಮಿ ಮೇಷ್ಟ್ರ ಮನೆಯಲ್ಲಿ ಪಂಚಶೀಲ ನಾಲ್ಕಕ್ಕೆ ಇಳಿಯುತ್ತಿತ್ತು. ಬೆಳಿಗ್ಗೆ ಸ್ನಾನ ಮಾಡಿ, ಬುದ್ಧನ ಪಟದ ಮುಂದೆ ಮೇಣದಬತ್ತಿ ಹಚ್ಚಿ, ಕೊಲ್ಲುವುದಿಲ್ಲ, ಕದಿಯುವುದಿಲ್ಲ, ವ್ಯಭಿಚಾರ ಮಾಡುವುದಿಲ್ಲ, ಸುಳ್ಳು ಹೇಳುವುದಿಲ್ಲ ಎಂದು ಗಟ್ಟಿಯಾಗಿ ಹೇಳುವರು. ಮದ್ಯ ಮುಟ್ಟುವುದಿಲ್ಲ ಎನ್ನುವ ಐದನೆಯದು ಬರುವ ಹೊತ್ತಿಗೆ ಕೈಮುಗಿದು ಎದ್ದುಬಿಡುವರು. ಚಳಿ ಮುರಿದ ಮೇಲೆ ಮತ್ತೆ ಐದೂ. "ಇದೇನ್ ಸಾರ್?" ಅಂತ ಒಮ್ಮೆ ಕೇಳಿಯೇಬಿಟ್ಟೆ. "ಸಾಯಂಕಾಲ ಕುಡಿಯೋನು ಬೆಳಿಗ್ಗೆ ಕುಡಿಯಲ್ಲ ಅಂದ್ರೆ ನಾಲ್ಕನೇದೂ ಕೆಟ್ಟೋಯ್ತಲ್ಲಪ್ಪ. ಅದಾದ್ರೂ ಉಳೀಲಿ" ಅಂದರು.

ಎರಡು ಸಾವಿರದ ಇಸವಿ ಕಳೆದು ಎರಡು ಮೂರು ವರ್ಷವಾಗಿತ್ತು. ಚಿಕ್ಕಬಳ್ಳಾಪುರದಲ್ಲಿ ಅವರು ವಿಜ್ಞಾನದ ಮೇಷ್ಟ್ರು, ನಾನು ಅದೇ ಹೈಸ್ಕೂಲಿನ ಗುಮಾಸ್ತ. ಅವರ ಮನೆಯ ಹಿಂದಿನ ಕೋಣೆಯಲ್ಲೇ ಬಾಡಿಗೆಗಿದ್ದೆ.

ಮಳೆಗಾಲದ ಬೆಳೆ ಬಂದಾಗ ಕಳವಾರದ ತೋಟದಿಂದ ಕರಿದ್ರಾಕ್ಷಿ ತಂದು, ಉಪ್ಪಿನಕಾಯಿ ಜಾಡಿಯಲ್ಲಿ ಹಿಸುಕಿ, ಸಕ್ಕರೆ ಹಾಕಿ ಬಟ್ಟೆ ಕಟ್ಟಿಡುತ್ತಿದ್ದರು. ರಸ ಗುಳುಗುಳು ಅನ್ನುತ್ತಿರುವಾಗಲೇ ಸೋಸಿ ಬ್ರಾಂದಿ ಬೆರೆಸುವುದು ಅವರ ಕ್ರಮ. "ಬ್ರಾಂದಿ ಬಿದ್ರೆ ಹುಳಿಯೋದು ನಿಲ್ತದೆ, ಸಿಹಿ ಉಳೀತದೆ, ಎದೆ ಬೆಚ್ಚಗಿರ್ತದೆ. ಇದು ಕೆಮಿಸ್ಟ್ರಿ ಕಣಪ್ಪ, ಕುಡಿತ ಅಲ್ಲ." ಅಡುಗೆಮನೆಯಿಂದ ಅವರ ಹೆಂಡತಿ ಸರೋಜಮ್ಮನ ದನಿ ಬರುತ್ತಿತ್ತು: "ಹ್ಞೂಂ, ಕೆಮಿಸ್ಟ್ರಿಗೆ ನಾನು ಕಡ್ಲೆಬೀಜ ಬೇರೆ ಹುರೀಬೇಕು!"

ಸಂಜೆ ಸ್ಕಂದಗಿರಿಯ ಕಡೆಯಿಂದ ಮಂಜು ಇಳಿಯುವಾಗ ಮಂಕಿಕ್ಯಾಪು ಹಾಕಿಕೊಂಡು ಜಗಲಿಯಲ್ಲಿ ಕೂರುವರು. ಪುಟ್ಟ ಸ್ಟೀಲ್ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದು, ಮೂಸಿ, ಒಂದು ಗುಟುಕು ಕುಡಿದು ಕಣ್ಣು ಮುಚ್ಚುವರು. ಅಷ್ಟು ಸುಖವಾಗಿ ಏನನ್ನಾದರೂ ಸವಿದವರನ್ನು ನಾನು ಬೇರೆ ಕಂಡಿಲ್ಲ. "ಇಂಥ ಚಳೀಲಿ ನಮ್ಮಪ್ಪನಿಗೆ ಹೊದಿಯೋಕೆ ಕಂಬಳಿ ಇರ್ಲಿಲ್ಲ. ನಾನು ನೋಡು, ಹೆಂಗೆ ಕೂತಿದೀನಿ" ಅನ್ನುವರು. ಆ ಒಂದು ಲೋಟಕ್ಕೆ ಒಂದು ಗಂಟೆ. ಮುಗಿದರೆ ತೆಲುಗಿನಲ್ಲಿ "ಚಾಲು" ಎಂದು ಲೋಟ ಬೋರಲು ಹಾಕುವರು. ಸಾಕು ಅಂದರೆ ಸಾಕೇ.

ಆ ಸಾಕು ಅನ್ನುವುದೊಂದು ನನಗೆ ಬರಲಿಲ್ಲ ನೋಡಿ. ಅವರ ಜಗಲಿಯಲ್ಲಿ ಅವರು ಕೊಟ್ಟ ಒಂದು ಲೋಟ ಮುಗಿಸಿ, ನೆಟ್ಟಗೆ ಬಸ್‌ಸ್ಟ್ಯಾಂಡಿನ ಬ್ರಾಂದಿ ಅಂಗಡಿಗೆ ಹೋಗುತ್ತಿದ್ದೆ. ವರ್ಷ ತಿರುಗುವಷ್ಟರಲ್ಲಿ ಹಗಲಿಗೂ ಬೇಕಾಯಿತು. ಒಂದು ಬೆಳಿಗ್ಗೆ ಪ್ರಾರ್ಥನೆಗೆ ನಿಂತ ಮಕ್ಕಳೆಲ್ಲರ ಎದುರು ಸ್ಕೂಲಿನ ಮೆಟ್ಟಿಲ ಮೇಲೆ ಬಿದ್ದೆ. ಮಕ್ಕಳು ಗೊಳ್ಳೆಂದು ನಕ್ಕವು. ಮೇಷ್ಟ್ರು ನನ್ನ ತೋಳು ಹೆಗಲಿಗೆ ಹಾಕಿಕೊಂಡು ಮನೆಗೆ ಕರೆತಂದು, ಮುಖ ತೊಳೆಸಿ ಕೂರಿಸಿದರು.

"ಯಾರಪ್ಪ ನಿಂಗೆ ಇದನ್ನ ಕಲಿಸಿದ್ದು?"

"ನೀವೇ ಅಲ್ವಾ ಸಾರ್!" ಅಂದೆ. ಆ ನಾಲಿಗೆ ಸೇದಿಹೋಗಬೇಕಿತ್ತು.

ಅವರು ಎದ್ದು ಹೋಗಿ ಜಾಡಿ ತಂದು, ಅಷ್ಟನ್ನೂ ಹಿತ್ತಲಿನ ಕರಿಬೇವಿನ ಬುಡಕ್ಕೆ ಸುರಿದರು. "ನೀನು ಬಿಡೋವರ್ಗೂ ನಾನೂ ಮುಟ್ಟಲ್ಲ" ಅಂದರು.

ಮುಟ್ಟಲಿಲ್ಲ. ನಾನು ಬಿಡಲಿಲ್ಲ. ನನಗೆ ಚಿಂತಾಮಣಿಗೆ ವರ್ಗವಾಯಿತು. ಚಳಿಗಾಲದಲ್ಲಿ ಸರೋಜಮ್ಮ ಫೋನ್ ಮಾಡುವರು. "ಸಂಜೆ ಬಿಸಿನೀರಿನ ಲೋಟ ಹಿಡ್ಕೊಂಡು ಕೂತಿರ್ತಾರೆ ಕಣಪ್ಪ. ನೋಡೋಕಾಗಲ್ಲ. ಬಿಟ್ಬಿಡೋ ನನ್ನಪ್ಪ." "ಆಣೆಗೂ ಬಿಡ್ತೀನಮ್ಮ" ಅನ್ನುತ್ತಿದ್ದೆ. ಫೋನ್ ಇಟ್ಟು ಅಂಗಡಿಗೆ ಹೋಗುತ್ತಿದ್ದೆ. ಹೀಗೆ ನಾಲ್ಕು ಚಳಿಗಾಲ ಕಳೆದವು.

ಐದನೆಯದರಲ್ಲಿ ಅವರು ಹಾಸಿಗೆ ಹಿಡಿದರು. ನೋಡಲು ಹೋದೆ. ಎದೆಯೆಲ್ಲ ಕಫ, ಮೂಗು ಕಟ್ಟಿ ಬಾಯಲ್ಲಿ ಉಸಿರಾಡುತ್ತಿದ್ದರು. ಮೈ ಕಡ್ಡಿಯಾಗಿತ್ತು.

"ಬಿಟ್ಯೇನಪ್ಪ?"

"ಬಿಟ್ಟೆ ಸಾರ್. ಎಂಟು ತಿಂಗಳಾಯ್ತು."

ಚಿಂತಾಮಣಿಯಲ್ಲಿ ಬಸ್ ಹತ್ತುವ ಮುಂಚೆ ಹಾಕಿಕೊಂಡೇ ಬಂದಿದ್ದೆ. ಅವರ ಕಟ್ಟಿದ ಮೂಗಿಗೆ ಅದು ತಿಳಿಯಲಿಲ್ಲ. ಪಕ್ಕದಲ್ಲೇ ನಿಂತಿದ್ದ ಸರೋಜಮ್ಮನಿಗೆ ತಿಳಿಯಿತು. ಒಂದು ಗಳಿಗೆ ನನ್ನನ್ನೇ ನೋಡಿದರು. ಎಲ್ಲಿ ಬಾಯಿಬಿಡುತ್ತಾರೋ ಎಂದು ಹೆದರಿದೆ. ಅವರು ಒಳಗೆ ಹೋಗಿ ಲೋಟ ತಂದರು. ಗಂಡನಿಗೆ ಹೇಳದೆ ಆ ಮಳೆಗಾಲದಲ್ಲಿ ದ್ರಾಕ್ಷಿ ಹಿಸುಕಿ ತಾವೇ ಮಾಡಿಟ್ಟಿದ್ದರಂತೆ.

ಮೇಷ್ಟ್ರು ಎದ್ದು ಕೂತರು. ಸರೋಜಮ್ಮ ಲೋಟಕ್ಕೆ ಕೈ ಆನಿಸಿದರು. ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ಬಹಳ ಹೊತ್ತಿನ ಮೇಲೆ ಕಣ್ಣು ಬಿಟ್ಟು, "ಚೆನ್ನಾಗದೆ. ನಿಂಗೆ ಮಾತ್ರ ಕೊಡಲ್ಲ ಕಣಪ್ಪ, ಬೇಜಾರು ಮಾಡ್ಕೋಬೇಡ" ಎಂದು ನಕ್ಕರು. ನಾನು ಹೊರಗೆ ಬಂದು ಗೋಡೆ ಹಿಡಿದು ಅತ್ತೆ.

ಆ ವಾರವೇ ಹೋದರು. ನಾನು ನಿಜವಾಗಿ ಬಿಟ್ಟದ್ದು ಅದಾಗಿ ಎರಡು ವರ್ಷಕ್ಕೆ. ಪೂರಾ ಒಂದು ವರ್ಷ ಮುಟ್ಟದೆ ಇದ್ದು, ಆಮೇಲೆ ಸರೋಜಮ್ಮನಿಗೆ ಹೇಳಲು ಹೋದೆ. ಅವರು ನನ್ನ ತಲೆ ಸವರಿದರು.

"ಯಾರ ಮುಂದೆ ಹೇಳ್ಬೇಕಿತ್ತೋ ಅವರ ಮುಂದೆ ಆಗ್ಲೇ ಹೇಳ್ಬಿಟ್ಟಿದ್ದೀಯಲ್ಲಪ್ಪ" ಅಂದರು.