ಗುರಪಾದಣ್ಣನ ಎಡಗಡೆ

ಗುರಪಾದಣ್ಣನ ಬಲಗೈಯ ತೋರುಬೆರಳು ಮೇಲಕ್ಕೆ ನೆಟ್ಟಗಾಗಿ ಗಾಳಿಯಲ್ಲಿ ಸಣ್ಣಗೆ ಸುತ್ತತೊಡಗಿತೆಂದರೆ ಎಲ್ಲೋ ಒಂದು ದೊಡ್ಡ ಭಾರ ನೆಲ ಬಿಟ್ಟು ಏಳುತ್ತಿದೆ ಎಂದರ್ಥ. ಅದೇ ಬೆರಳು ಕೆಳಮುಖವಾಗಿ ಸುತ್ತಿದರೆ ಭಾರ ಇಳಿಯಬೇಕು. ಕುವೈತಿನ ಸೈಟುಗಳಲ್ಲಿ ಕ್ರೇನುಗಳ ಎದುರು ನಿಂತು ಹೀಗೆ ಸನ್ನೆ ಮಾಡುವುದೇ ಅವರ ಕೆಲಸ. ಸಂಜೆ ಬ್ನೇದ್ ಅಲ್ ಗಾರ್‌ನ ನಮ್ಮ ಕಟ್ಟಡಕ್ಕೆ ಮರಳಿದ ಮೇಲೂ ಆ ಕೈ ಸುಮ್ಮನಿರುತ್ತಿರಲಿಲ್ಲ. ಊಟಕ್ಕೆ ಕೂತಾಗ ಹೆಂಡತಿ ಶಾಂತಕ್ಕ ಸಾರಿನ ಸೌಟು ಹಿಡಿದು ಬಂದರೆ ಬೆರಳು ಕೆಳಗೆ ಸುತ್ತುತ್ತಿತ್ತು. ಸಾಕೆನಿಸಿದಾಗ ಅಂಗೈ ಅಗಲವಾಗಿ ತೆರೆದುಕೊಳ್ಳುತ್ತಿತ್ತು.

"ನನ್ನೂ ಒಂದು ಕ್ರೇನ್ ಮಾಡಿ ಇಟ್ಟಾರ ನೋಡವಾ ಇವರು" ಎಂದು ಶಾಂತಕ್ಕ ನನ್ನ ಹತ್ತಿರ ದೂರುತ್ತಿದ್ದರು.

ಅವರು ಬಾಗಲಕೋಟೆ ಕಡೆಯವರು, ನಾವು ಉಡುಪಿ ಕಡೆಯವರು. ಎದುರುಬದುರು ಬಾಗಿಲು. ನಾನು ಸಲ್ವಾದ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್, ಗಂಡ ದಿನೇಶ್ ಹೋಟೆಲಿನಲ್ಲಿ. ನಾನು ಹುಟ್ಟು ಪುಕ್ಕಲು. ಲಿಫ್ಟು ಸ್ವಲ್ಪ ಕುಲುಕಿದರೂ ಗೋಡೆ ಹಿಡಿಯುತ್ತೇನೆ, ಯಾರಾದರೂ ಎರಡು ಸಲ ಫೋನು ಎತ್ತದಿದ್ದರೆ ಆಸ್ಪತ್ರೆಯ ತನಕ ಯೋಚನೆ ಓಡುತ್ತದೆ. ಇಂಥ ನನಗೆ ಕಾರು ಓಡಿಸಲು ಕಲಿಸಿದವರು ಗುರಪಾದಣ್ಣ. ಅವರು ಒಮ್ಮೆಯೂ ಗದರಲಿಲ್ಲ. ಹಿಂದಕ್ಕೆ ತೆಗೆಯುವಾಗ ಕಾರಿನ ಹಿಂದೆ ನಿಂತು "ಬರ್ಲಿ, ಬರ್ಲಿ" ಅನ್ನುತ್ತಿದ್ದರು. ಸಾಕಾದಾಗ "ಖಲಾಸ್". ಒಮ್ಮೆ ಅವರು ಖಲಾಸ್ ಅಂದ ಮೇಲೂ ನಾನು ತಲೆ ಹೊರಹಾಕಿ, "ಯಾಕಣ್ಣ, ಇನ್ನೂ ಜಾಗ ಉಂಟಲ್ಲ" ಎಂದು ಕೇಳುತ್ತಲೇ ಬ್ರೇಕಿನ ಮೇಲಿನ ಕಾಲು ಸಡಿಲಿಸಿ ಕಂಬಕ್ಕೆ ಗುದ್ದಿಸಿದೆ.

ಅವರು ಕಿಟಕಿಯ ಹತ್ತಿರ ಬಂದು ನಿಧಾನವಾಗಿ ಹೇಳಿದರು: "ತಂಗಿ, ಖಲಾಸ್ ಅಂದ್ರ ಖಲಾಸ್. ಇದ್ದಲ್ಲೇ ನಿಲ್ಲೂದು. ಯಾಕಂತ ಕೇಳೂದು ಆಮ್ಯಾಲೆ. ಕ್ರೇನಿನ್ಯಾಗ ಕುಂತಂವಗ ಕೆಳಗಿಂದು ಕಾಣಂಗಿಲ್ಲ. ಅಂವ ನನ್ನ ಕಣ್ಣಿನ ಮ್ಯಾಲೆ ನಂಬಿಕಿ ಇಟ್ಟು ಕುಂತಿರ್ತಾನ."

ಚಳಿಗಾಲ ಬಂದರೆ ಜಹ್ರಾ ದಾಟಿ ಮರುಭೂಮಿಯಲ್ಲಿ ಡೇರೆ ಹಾಕುವುದು ಇಲ್ಲಿಯ ರೂಢಿ. ನಮ್ಮ ನಾಲ್ವರ ಡೇರೆಗೆ ಗುರಪಾದಣ್ಣನೇ ಯಜಮಾನ. ಗೂಟವೊಂದನ್ನು ಹೊಡೆದು, ಎಳೆದು ನೋಡಿ, ಸಮಾಧಾನವಾಗದೆ ಮತ್ತೆ ಹೊಡೆಯುವ ಜಾತಿ. ಎಳ್ಳಮಾವಾಸ್ಯೆ ಹತ್ತಿರ ಬಂದರಂತೂ ಶಾಂತಕ್ಕನ ಸಜ್ಜಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹೋಳಿಗೆಯ ಡಬ್ಬಿಗಳು ಕಾರು ಹತ್ತುತ್ತಿದ್ದವು. ಅವರ ಊರಲ್ಲಿ ಆ ದಿನ ಹೊಲಕ್ಕೆ ಹೋಗಿ ಅಡಿಗೆಯನ್ನೆಲ್ಲ ಕಲಸಿ ಹೊಲದ ಸುತ್ತ ಚೆಲ್ಲುತ್ತಾರೆ. ಅದಕ್ಕೆ ಚರಗ ಎನ್ನುತ್ತಾರೆ. ಗುರಪಾದಣ್ಣ ಬೋಗುಣಿ ಹಿಡಿದು "ಹುಲ್ಲುಲ್ಲಿಗೋ" ಎಂದು ಕೂಗುತ್ತ ಡೇರೆಯ ಸುತ್ತ ಮರಳಿಗೆ ಚರಗ ಚೆಲ್ಲುತ್ತಿದ್ದರು. ಹಿಂದೆ ಇರುವವರು ಅದಕ್ಕೆ ಓಗೊಡಬೇಕು. ಅದು ನನ್ನ ಪಾಲಿನ ಕೆಲಸ.

"ಇದು ಯಾರ ಹೊಲ ಅಂತ ಚೆಲ್ಲುವುದು ಅಣ್ಣ?" ಎಂದು ದಿನೇಶ್ ಕೀಟಲೆ ಮಾಡುತ್ತಿದ್ದ.

"ಹೊಲ ಯಾರದರ ಇರಲಿ, ತಿನ್ನೋರು ಅದಾರಲ್ಲ" ಎನ್ನುತ್ತಿದ್ದರು. ಮರುದಿನ ಬೆಳಿಗ್ಗೆ ಹಕ್ಕಿಗಳೂ ಬೀದಿನಾಯಿಗಳೂ ಎಲ್ಲವನ್ನೂ ನೆಕ್ಕಿ ಮುಗಿಸಿರುತ್ತಿದ್ದವು.

ಗುರಪಾದಣ್ಣನ ಎಡಗಡೆಯ ನೋಟ ಮಬ್ಬಾಗತೊಡಗಿದ್ದು ಯಾವಾಗಿನಿಂದಲೋ ಅವರಿಗೂ ಗೊತ್ತಿರಲಿಲ್ಲ. ಬಾಗಿಲ ಚೌಕಟ್ಟಿಗೆ ಭುಜ ತಾಗುತ್ತಿತ್ತು, ಪಕ್ಕದಲ್ಲಿಟ್ಟ ಚಹಾ ಚೆಲ್ಲುತ್ತಿತ್ತು. ಕಣ್ಣಿನ ಒತ್ತಡ ಹೆಚ್ಚಾಗಿ ನರ ಸಾಯುತ್ತಿದೆ, ಅಂಚಿನ ನೋಟ ಮೊದಲು ಹೋಗುತ್ತದೆ, ಹೋದದ್ದು ಮರಳಿ ಬರುವುದಿಲ್ಲ ಎಂದು ಡಾಕ್ಟರು ಹೇಳಿದರು. ನೇರ ನೋಟ ಇನ್ನೂ ಚೆನ್ನಾಗಿತ್ತು. ಹಗಲಲ್ಲಿ ಕಾರು ಓಡಿಸಬಹುದು, ಆದರೆ ಹೆಚ್ಚು ಕಾಲವಲ್ಲ. ಗುರಪಾದಣ್ಣ ಮರುದಿನವೇ ಕೆಲಸಕ್ಕೆ ರಾಜೀನಾಮೆ ಬರೆದುಕೊಟ್ಟರು. "ನನಗ ಪೂರ್ತಿ ಕಾಣಲಾರದ ಭಾರ ನಾ ಎತ್ತಸೂದಿಲ್ಲ" ಎಂದರಂತೆ.

ಊರಿಗೆ ಹೊರಡುವ ಮೊದಲು ಅವರಿಗೆ ಒಂದೇ ಒಂದು ಆಸೆ ಇತ್ತು. ಸೈಟಿನಲ್ಲಿದ್ದ ದಕ್ಷಿಣ ಆಫ್ರಿಕಾದ ಕ್ರೇನ್ ಆಪರೇಟರ್ ಎಂದೋ ತೋರಿಸಿದ ಚಿತ್ರ ಅದು: ತಲೆಯ ಮೇಲೆ ಡೇರೆ ಮಡಚಿಟ್ಟ ಒಂದು ಜೀಪು, ಅದಕ್ಕೊಂದು ಏಣಿ, ಆಚೆಗೆ ಜಿರಾಫೆ. "ಮನೀನ ತಲಿ ಮ್ಯಾಲೆ ಹೊತಗೊಂಡು ಹೋಗೂದು. ಎಲ್ಲಿ ಬೇಕಲ್ಲಿ ಇಳಸೂದು. ಕಣ್ಣ ಇರೂತನಕ ಒಮ್ಮೆ ನಾನ ಓಡಿಸಿ ನೋಡಬೇಕವಾ" ಎಂದರು. ಜೋಹಾನ್ಸ್‌ಬರ್ಗಿನಿಂದ ಬೋಟ್ಸ್ವಾನಾ ದಾಟಿ ನಮೀಬಿಯಾದ ಕಡಲಿನ ತನಕ. ಶಾಂತಕ್ಕ ಕಣ್ಣೊರೆಸಿಕೊಂಡೇ ಒಪ್ಪಿದರು. ದಿನೇಶ್ ಕುಣಿದಾಡಿದ. ನಾನು ಬೇಡವೆನ್ನಲು ಬಾಯಿ ತೆರೆದವಳು, ನಾನು ಹೋಗದಿದ್ದರೆ ಅವರ ಎಡಗಡೆ ನೋಡುವವರು ಯಾರು ಎಂಬ ಚಿಂತೆ ಹತ್ತಿಕೊಂಡು ಹೂಂ ಎಂದೆ.

ಜೋಹಾನ್ಸ್‌ಬರ್ಗಿನಲ್ಲಿ ಅಂಥದ್ದೇ ಒಂದು ಜೀಪು ಬಾಡಿಗೆಗೆ ಹಿಡಿದೆವು. ನಮ್ಮೊಳಗಿನ ಒಪ್ಪಂದ ಹೀಗಿತ್ತು. ಅಲ್ಲಿ ಸ್ಟೀರಿಂಗು ಬಲಕ್ಕೆ, ಹಾಗಾಗಿ ದಿನೇಶ್ ಅವರ ಎಡಕ್ಕೆ ಕೂರಬೇಕು. ನಾನು ಹಿಂದಿನ ಸೀಟಿನಲ್ಲಿ ಎಡಗಡೆಯ ಕಿಟಕಿಗೆ ಅಂಟಿಕೊಂಡಿರಬೇಕು. ಸೂರ್ಯ ಇಳಿಯತೊಡಗಿದರೆ ಕೀಲಿ ದಿನೇಶನ ಕೈಗೆ. ಗುರಪಾದಣ್ಣ ಖುಷಿಯಾಗಿದ್ದರು. ಕುವೈತಿನ ಕೈ ಅಭ್ಯಾಸದಲ್ಲಿ ತಿರುವು ಬಂದಾಗಲೆಲ್ಲ ಇಂಡಿಕೇಟರಿನ ಬದಲು ವೈಪರ್ ಹಾಕುತ್ತಿದ್ದರು. ಒಣ ಗಾಜಿನ ಮೇಲೆ ಅದು ಕಿರ್ರೆಂದು ಓಡುವಾಗ ಎಲ್ಲರೂ ನಗುತ್ತಿದ್ದರು. ನಾನು ನಗಲಿಲ್ಲ. ದಾರಿಯುದ್ದಕ್ಕೂ ಎಡಗಡೆಯ ಪೊದೆಗಳನ್ನು ನೋಡಿ ನೋಡಿ ನನ್ನ ಕುತ್ತಿಗೆ ಸೆಟೆದು ಹೋಗಿತ್ತು.

ಬೋಟ್ಸ್ವಾನಾದ ಹೆದ್ದಾರಿಯಲ್ಲಿ ಕತ್ತೆಗಳು ತಮ್ಮ ಮನೆಯಂಗಳವೆಂಬಂತೆ ನಿಂತಿರುತ್ತವೆ. ಒಂದು ಮಧ್ಯಾಹ್ನ ದಿನೇಶ್ ತೂಕಡಿಸಿಬಿಟ್ಟ. ಎಡಗಡೆಯ ಹುಲ್ಲಿನಿಂದ ಒಂದು ಕತ್ತೆ, ಅದರ ಹಿಂದೆ ಮರಿ, ಸೀದಾ ರಸ್ತೆಗೆ ನಡೆದು ಬಂದವು. ಗುರಪಾದಣ್ಣನ ಕಾಲು ಬ್ರೇಕಿನತ್ತ ಹೋಗಲೇ ಇಲ್ಲ. "ಕತ್ತೆ, ಕತ್ತೆ" ಎಂದು ನಾನು ಕಿರುಚಿದಾಗ ಅವರು ಬ್ರೇಕು ಒತ್ತಿದರು. ಮರಿಯ ಕಿವಿ ಬಂಪರಿನ ಅಂಚಿನಲ್ಲಿ ಕಾಣುತ್ತಿತ್ತು.

ಅವರು ಎಂಜಿನ್ ಆರಿಸಿದರು. "ಕಿರಚಬ್ಯಾಡ ತಂಗಿ. ಕಿರಚಿದ್ರ ನಾ ನಿನ್ನ ಕಡೆ ನೋಡ್ತೀನಿ, ರಸ್ತೆ ಕಡೆ ನೋಡಂಗಿಲ್ಲ. ಖಲಾಸ್ ಅನ್ನು, ಸಾಕು" ಎಂದರು. ದಿನೇಶನಿಗೆ ನಾನು ತುಳುವಿನಲ್ಲಿ ಬೈದದ್ದು ಮಾತ್ರ ಮುಂದಿನ ಪೆಟ್ರೋಲ್ ಬಂಕಿನವರೆಗೂ ನಿಲ್ಲಲಿಲ್ಲ.

ಎಳ್ಳಮಾವಾಸ್ಯೆಯ ದಿನ ನಾವು ಚೋಬೆ ನದಿಯ ದಂಡೆಯ ಕ್ಯಾಂಪಿನಲ್ಲಿದ್ದೆವು. ಬೇಲಿಯಿಲ್ಲದ ಕ್ಯಾಂಪು. ಕಾವಲುಗಾರ ಬಂದು, ತಿನ್ನುವ ವಸ್ತು ಯಾವುದೂ ಹೊರಗಿರಬಾರದು, ಹಣ್ಣಿನ ಸಿಪ್ಪೆ ಕೂಡ, ಎಂದು ಎಚ್ಚರಿಸಿ ಹೋದ. ಗುರಪಾದಣ್ಣ ಅವನ ಮಾತನ್ನು ಅಕ್ಷರಶಃ ಪಾಲಿಸಿದರು. ಎಲ್ಲ ಡಬ್ಬಿಗಳ ಮುಚ್ಚಳ ಒತ್ತಿ ನೋಡಿ ಜೀಪಿನೊಳಗೆ ಇಟ್ಟರು, ನಾನು ಬಿಸಾಡಿದ ಬಿಸ್ಕತ್ತಿನ ಕಾಗದವನ್ನೂ ಹೆಕ್ಕಿ ತಂದರು. ಆಮೇಲೆ ಬಿಸಿಲು ಸ್ವಲ್ಪ ತಗ್ಗಿದಾಗ ಶಾಂತಕ್ಕ ಕುವೈತಿನಿಂದ ತಂದಿದ್ದ ಖಡಕ್ ರೊಟ್ಟಿಯನ್ನು ಮುರಿದು, ಅನ್ನ, ಹೋಳಿಗೆ, ಬೆಲ್ಲ ಎಲ್ಲ ಸೇರಿಸಿ ಬೋಗುಣಿಯಲ್ಲಿ ಕಲಸಿಕೊಟ್ಟರು. ಗುರಪಾದಣ್ಣ ಟವೆಲ್ಲನ್ನು ತಲೆಗೆ ಸುತ್ತಿಕೊಂಡು ಚರಗ ಚೆಲ್ಲಲು ಹೊರಟರು.

ತಿನ್ನುವ ವಸ್ತುವನ್ನು ಹೊರಗೆ ಇಡುವುದೆಂದರೆ ಇದೇ ಎಂದು ನಮ್ಮ ನಾಲ್ವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹಗಲೂ ರಾತ್ರಿ ಹೆದರಿಕೊಂಡೇ ಇದ್ದ ನನಗೂ ಹೊಳೆಯಲಿಲ್ಲ. ಅದು ಊಟವಲ್ಲ, ಚರಗ. ಭೂಮಿತಾಯಿಗೆ ಕೊಟ್ಟದ್ದು.

"ಹುಲ್ಲುಲ್ಲಿಗೋ" ಎಂದು ಅವರು ಕೂಗಿದರು. ನಾನು ಜೀಪಿನ ಹತ್ತಿರ ನಿಂತು ಓಗೊಟ್ಟೆ. ಒಂದು ಸುತ್ತು ಮುಗಿಯಿತು. ಎರಡನೆಯ ಸುತ್ತಿನಲ್ಲಿ ಅವರು ನದಿಯ ಕಡೆಗೆ ಎಡಭುಜ ಕೊಟ್ಟು ನಡೆಯುತ್ತಿದ್ದರು. ಅವರ ಎಡಗಡೆಯ ಪೊದೆ ಅಲುಗಿತು ಅಂದುಕೊಂಡೆ. ಅದು ಪೊದೆಯಲ್ಲ, ಆನೆ. ಒಂದಿಷ್ಟೂ ಸದ್ದಿಲ್ಲದೆ ಬಂದು ನಿಂತಿತ್ತು. ಒಂಟಿ ಗಂಡಾನೆ, ಉದ್ದ ಕೊಂಬು. ಗುರಪಾದಣ್ಣ ಹಿಂದಿನ ಸುತ್ತಿನಲ್ಲಿ ಚೆಲ್ಲಿದ್ದ ಹೋಳಿಗೆಯ ಚೂರುಗಳನ್ನು ಸೊಂಡಿಲಿನ ತುದಿಯಿಂದ ಒಂದೊಂದಾಗಿ ಹೆಕ್ಕುತ್ತ ಅದು ಅವರೆಡೆಗೇ ಬರುತ್ತಿತ್ತು. ಅವರು ಬೋಗುಣಿಯನ್ನೇ ನೋಡಿ ಕೈ ಹಾಕುತ್ತ, ಅದನ್ನು ಎಡಕ್ಕಿಟ್ಟುಕೊಂಡೇ ಅದರ ಹತ್ತಿರ ಹತ್ತಿರ ನಡೆಯುತ್ತಿದ್ದರು.

ಶಾಂತಕ್ಕ ನನ್ನ ತೋಳು ಹಿಡಿದರು. ಅವರ ಉಗುರು ನನ್ನ ಚರ್ಮಕ್ಕೆ ಇಳಿಯಿತು. ಜೀಪಿನೊಳಗಿದ್ದ ದಿನೇಶ್ ಬಾಗಿಲು ಅರ್ಧ ತೆರೆದು ಹಾಗೆಯೇ ಕಲ್ಲಾದ.

"ಅಣ್ಣ, ಖಲಾಸ್" ಎಂದೆ. ನನ್ನ ದನಿ ನನಗೇ ಬೇರೆಯವರದ್ದೆಂಬಂತೆ ಕೇಳಿಸಿತು, ಅಷ್ಟು ಸಾಧಾರಣವಾಗಿತ್ತು.

ಗುರಪಾದಣ್ಣ ನಿಂತರು. ಒಂದು ಕಾಲು ಮುಂದೆ, ಚರಗದ ಹಿಡಿ ಗಾಳಿಯಲ್ಲಿ. ತಿರುಗಲಿಲ್ಲ, ಕೇಳಲಿಲ್ಲ. ಆನೆಯೂ ನಿಂತು ಕಿವಿ ಅಗಲಿಸಿತು.

"ಬೋಗುಣಿ ಇಳಿಸಿ. ನಿಧಾನ." ಅವರು ಮೊಣಕಾಲು ಮಡಚಿ ಬೋಗುಣಿಯನ್ನು ನೆಲಕ್ಕಿಳಿಸಿದರು.

"ಹಿಂದೆ ಬರ್ಲಿ. ಬರ್ಲಿ. ಸ್ವಲ್ಪ ಬಲಕ್ಕೆ. ಬರ್ಲಿ."

ಅವರು ಬೆನ್ನು ನಮ್ಮ ಕಡೆಗೇ ಇಟ್ಟು ಒಂದೊಂದೇ ಹೆಜ್ಜೆ ಹಿಂದಕ್ಕೆ ಬಂದರು. ಆನೆ ಬೋಗುಣಿಯೊಳಗೆ ಸೊಂಡಿಲಿಟ್ಟು ಹುಡುಕಿತು. ನಾನು ಮಾತು ನಿಲ್ಲಿಸಿದರೆ ಅವರು ಬಿದ್ದುಬಿಡುತ್ತಾರೆ ಅನ್ನಿಸುತ್ತಿತ್ತು. ಬೆನ್ನು ಜೀಪಿಗೆ ತಾಗಿದ ಕೂಡಲೇ ದಿನೇಶ್ ಅವರನ್ನು ಒಳಗೆಳೆದುಕೊಂಡ. ನಾವೂ ಹತ್ತಿ ಬಾಗಿಲು ಹಾಕಿಕೊಂಡೆವು.

ಆಗ ಅವರು ಕೇಳಿದರು. "ಈಗ ಹೇಳವಾ ತಂಗಿ. ಏನಿತ್ತು?"

ನಾನು ಅವರ ಗಲ್ಲ ಹಿಡಿದು ಮುಖವನ್ನು ಎಡಕ್ಕೆ ತಿರುಗಿಸಿದೆ. ಆನೆ ಖಾಲಿ ಬೋಗುಣಿಯ ಮೇಲೆ ಕಾಲಿಟ್ಟು ದಾಟಿ, ಉಳಿದ ಚರಗ ಹುಡುಕುತ್ತ ಹೋಗುತ್ತಿತ್ತು. ಗುರಪಾದಣ್ಣ ಬಹಳ ಹೊತ್ತು ಅದನ್ನೇ ನೋಡಿದರು. ಅವರ ಕೈಯಲ್ಲಿ ಇನ್ನೂ ಒಂದು ಹಿಡಿ ಚರಗ ಇತ್ತು.

"ಇಷ್ಟ ದೊಡ್ಡದು ಕಾಣಲಿಲ್ಲಲ್ಲ" ಎಂದರು.

ಮರುದಿನ ಬೆಳಿಗ್ಗೆ ಡೇರೆ ಮಡಚಿ, ಪಟ್ಟಿಗಳನ್ನು ಎಂದಿನಂತೆ ಎರಡೆರಡು ಸಲ ಎಳೆದು ನೋಡಿ, ಕೀಲಿಯನ್ನು ದಿನೇಶನ ಅಂಗೈಯಲ್ಲಿಟ್ಟರು. ಸೂರ್ಯ ಆಗಷ್ಟೇ ಮೇಲೇರುತ್ತಿದ್ದ. ದಿನೇಶ್, "ಇನ್ನೂ ಬೆಳಿಗ್ಗೆ ಅಣ್ಣ, ಈಗ ನಿಮ್ಮ ಸರದಿ" ಎಂದ. ಅವರು ತಲೆಯಾಡಿಸಿ ಎಡಗಡೆಯ ಸೀಟು ಹತ್ತಿದರು. ಅಲ್ಲಿಂದ ಕಡಲಿನ ತನಕದ ದಾರಿ ಮುಗಿಯುವುದೇ ಇಲ್ಲ ಅನ್ನಿಸಿತು ನನಗೆ. ಅವರು ಮತ್ತೆ ಸ್ಟೀರಿಂಗು ಮುಟ್ಟಲಿಲ್ಲ. ಜಲ್ಲಿ ರಸ್ತೆಯಲ್ಲಿ ನಾನು ಓಡಿಸಿದಾಗ ಪಕ್ಕದಲ್ಲಿ ಕೂತು "ಶ್ವೈ ಶ್ವೈ, ನಿಧಾನಕ್ಕ, ಚಂದ ಓಡಸ್ತಿ" ಎಂದರು. ಶಾಂತಕ್ಕ ಚಪ್ಪಟೆಯಾದ ತಮ್ಮ ತವರುಮನೆಯ ಬೋಗುಣಿಗಾಗಿ ನಮೀಬಿಯಾದುದ್ದಕ್ಕೂ ಗೊಣಗಿದರು. ಆ ಗೊಣಗಾಟ ಕೇಳಿದಾಗಲೆಲ್ಲ ನನಗೆ ಅಳು ಬರುತ್ತಿತ್ತು.

ಒಂದೆರಡು ತಿಂಗಳಲ್ಲಿ ಅವರ ಇಕಾಮಾ, ಅಂದರೆ ಕುವೈತಿನಲ್ಲಿ ಇರುವ ಪರವಾನಗಿ, ರದ್ದಾಯಿತು. ಹುಬ್ಬಳ್ಳಿಯಲ್ಲಿ ಮಗಳ ಮನೆಯ ಓಣಿಯಲ್ಲೇ ಮನೆ ಹಿಡಿದಿದ್ದರು. ವಿಮಾನನಿಲ್ದಾಣದಲ್ಲಿ ನಮ್ಮನ್ನು ಬಿಡುವ ಕಡೆಯ ಗೆರೆಯ ತನಕ ಹೋದೆವು. ಶಾಂತಕ್ಕ ಪಾಸ್‌ಪೋರ್ಟು ಹಿಡಿದು ಮುಂದೆ ನಡೆದರು, ಗುರಪಾದಣ್ಣ ಹಿಂದೆ. ಅಷ್ಟರಲ್ಲಿ ಎಡಗಡೆಯಿಂದ ಒಬ್ಬ ಕೆಲಸಗಾರ ಖಾಲಿ ಟ್ರಾಲಿಗಳ ಉದ್ದ ಸಾಲನ್ನು ತಳ್ಳಿಕೊಂಡು ಬರುತ್ತಿದ್ದ. ಸಾಲಿನ ತುದಿ ಅವನಿಗೆ ಕಾಣುತ್ತಿರಲಿಲ್ಲ, ಗುರಪಾದಣ್ಣನಿಗೂ ಕಾಣುತ್ತಿರಲಿಲ್ಲ.

"ಖಲಾಸ್" ಎಂದೆ. ಸುತ್ತಲಿನವರು ತಿರುಗಿ ನೋಡಿದರು. ಅವರು ತಿರುಗಲಿಲ್ಲ. ನಿಂತರು. ಟ್ರಾಲಿಗಳು ಅವರ ಮೊಣಕಾಲನ್ನು ಸವರಿಕೊಂಡು ಹೋದವು.

"ಬರ್ಲಿ" ಎಂದೆ. ಅವರು ಮುಂದೆ ನಡೆದು ಜನರೊಳಗೆ ಕಾಣದಾದರು.

ಎರಡು ದಿನ ಬಿಟ್ಟು ಫೋನು ಬಂತು. ನಾನು ಬಟ್ಟೆ ಒಣಹಾಕುತ್ತಿದ್ದೆ. "ಈಗ ಹೇಳವಾ ತಂಗಿ. ಏರ್‌ಪೋರ್ಟ್‌ನ್ಯಾಗ ಏನಿತ್ತು?"

"ಟ್ರಾಲಿ ಅಣ್ಣ. ಉದ್ದ ಸಾಲು."

"ಅಷ್ಟನಾ? ನಾ ಮತ್ತ ಆನೀನ ಬಂತೇನೋ ಅನಕೊಂಡಿದ್ದೆ" ಎಂದು ನಕ್ಕರು. ನಗುವಿನ ಹಿಂದೆ ಬಸ್ಸಿನ ಹಾರ್ನು, ಆಟೋಗಳ ಗದ್ದಲ.

"ರಸ್ತೆಯಲ್ಲಿ ಇದ್ದೀರಾ? ಎಡಗಡೆ ಯಾರಿದ್ದಾರೆ?"

"ಶಾಂತಾ ಕಾಯಿಪಲ್ಯೆ ತಗೋಳಾಕತ್ಯಾಳ. ನಾ ಆಚೀಕಡೆ ದಾಟಿ ಹಾಲಿನ ಅಂಗಡಿಗೆ ಹೋಗ್ಬೇಕು. ಫೋನ್ ಎಡಗಿವಿಗೆ ಹಿಡಕೊಂಡೀನಿ ನೋಡು. ಹೇಳವಾ. ಬರ್ಲೋ, ಬ್ಯಾಡೋ?"

ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ಹಾರ್ನುಗಳನ್ನೇ ಕೇಳುತ್ತ ನಿಂತೆ. ನನಗೆ ಕಾಣುತ್ತಿದ್ದುದು ಎದುರು ಕಟ್ಟಡದ ಎ.ಸಿ. ಪೆಟ್ಟಿಗೆಗಳು ಮಾತ್ರ.

"ಖಲಾಸ್ ಅಣ್ಣ" ಎಂದೆ. "ಅಕ್ಕ ಬರುವ ತನಕ ಖಲಾಸ್."

ಅವರು ಯಾಕೆಂದು ಕೇಳಲಿಲ್ಲ. ಶಾಂತಕ್ಕನ ದನಿ ಹತ್ತಿರ ಕೇಳುವವರೆಗೆ ನಾನು ಫೋನು ಇಡಲಿಲ್ಲ.