ಕುರಿಯ ಪುಟದಲ್ಲಿ ಬರೆದ ತೊಗರಿ

ರಾಮಗಿರಿ ಹತ್ತಿರದ ನಮ್ಮ ಹೊಲದಲ್ಲಿ ರಾಗಿಯ ನಡುವೆ ತೊಗರಿ ಸಾಲು ಬಿಡುತ್ತಿದ್ದೆವು. 1975ರಿಂದ ನಾನು ಎರಡು ಲೆಕ್ಕ ಇಡುತ್ತಿದ್ದೆ: ನೋಟ್‌ಬುಕ್ಕಿನ ಮುಂದಿನಿಂದ ಬೆಳೆಯದು, ಹಿಂದಿನಿಂದ ಕುರಿಗಳದು.

ಆ ವರ್ಷ ಹದಿಮೂರು ತೊಗರಿ ಗಿಡಗಳು ಹೂವನ್ನೇ ಬಿಡಲಿಲ್ಲ. ಕೊಯ್ಲು ಮುಗಿದು ಹೊಲವೆಲ್ಲ ಒಣಗಿದರೂ ಅವು ಮಾತ್ರ ಸಣ್ಣ ಎಲೆಗಳ ಪೊದೆಯಾಗಿ ಹಸಿರಾಗಿಯೇ ನಿಂತವು. ನಮ್ಮ ಕಡೆ ಅದನ್ನು ಗೊಡ್ಡು ತೊಗರಿ ಎನ್ನುತ್ತಾರೆ. ಕುರಿ ನೋಡಿಕೊಳ್ಳುತ್ತಿದ್ದ ನನ್ನ ಸೋದರತ್ತೆ ಅವುಗಳ ಸುತ್ತ ಜಾಲಿಮುಳ್ಳಿನ ಬೇಲಿ ಕಟ್ಟಿದರು. ಮರಿ ಹಾಕಿದ ಕುರಿಗಳಿಗೆ ಬೇಸಿಗೆಯಲ್ಲಿ ಅದೊಂದೇ ಹಸಿರು ಮೇವು. ಹಾಗಾಗಿ ಆ ಹದಿಮೂರನ್ನು ನಾನು ಕುರಿಯ ಪುಟದಲ್ಲಿ ಬರೆದುಕೊಂಡೆ.

ಮರುವರ್ಷ ಗೊಡ್ಡು ಗಿಡ ಎಪ್ಪತ್ತೆರಡಾದವು. ಅತ್ತೆ ಬೇಲಿಯನ್ನು ದೊಡ್ಡದು ಮಾಡಿದರು. ನಾನು ಒಂದು ಕೊಂಬೆಯನ್ನು ಚಿತ್ರದುರ್ಗದ ಕಾಲೇಜಿಗೆ ಒಯ್ದೆ. ಸಸ್ಯಶಾಸ್ತ್ರದ ಮೇಷ್ಟ್ರು ಎಲೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಕಣ್ಣಿಗೆ ಕಾಣದಷ್ಟು ಸಣ್ಣ ಬಿಳಿ ನುಸಿಗಳನ್ನು ತೋರಿಸಿದರು. ಅವು ಹೊತ್ತು ತರುವುದು ವೈರಸ್ ಇರಬೇಕು ಎಂದರು. ಅದು ಹೊಕ್ಕ ಮೇಲೆ ಗಿಡದ ಒಳಗಿನ ವ್ಯವಹಾರವೇ ಬದಲಾಗುತ್ತದೆ; ಹೂವಿಗೆ, ಕಾಯಿಗೆ ಹೋಗಬೇಕಾದ ಸಾರವೆಲ್ಲ ಎಲೆಗೇ ಹೋಗುತ್ತದೆ. ಆ ಎಳೆ ಎಲೆಯ ರಸ ಕುಡಿದ ನುಸಿಗೆ ಒಳ್ಳೆಯ ಗಿಡದಲ್ಲಿ ಆಗುವುದಕ್ಕಿಂತ ಹೆಚ್ಚು ಸಂತಾನವಾಗುತ್ತದೆ. ಮಿಕ್ಕ ಕೆಲಸ ಗಾಳಿಯದು; ನುಸಿಯನ್ನು ಅಕ್ಕಪಕ್ಕದ ಗಿಡಗಳಿಗೆ ಒಯ್ಯುತ್ತದೆ.

"ಬೇಸಿಗೆಯಲ್ಲಿ ಇವು ಎಲ್ಲಿ ಉಳಿದಿರುತ್ತವೆ?" ಎಂದು ಅವರು ಕೇಳಿದರು.

ಉತ್ತರ ನನ್ನ ನೋಟ್‌ಬುಕ್ಕಿನ ಹಿಂಬದಿಯಲ್ಲಿತ್ತು: ಬೇಲಿಯೊಳಗೆ ಹಸಿರಾಗಿ ಉಳಿದ ಆ ಹದಿಮೂರು ಗಿಡ. ಬೆಳೆಯ ಪುಟದಲ್ಲಿ ಬರೆದಿದ್ದರೆ ಒಂದು ವರ್ಷ ಮೊದಲೇ ಕಾಣುತ್ತಿತ್ತು.

"ಬೇಲಿ ಕಿತ್ತು ಗಿಡ ಎಲ್ಲ ತೆಗದುಬಿಡಾಣ ಅತ್ತೆ. ಅದರಾಗೆ ನುಸಿ ಐತೆ," ಎಂದು ಊರಿಗೆ ಬಂದವನೇ ಹೇಳಿದೆ.

"ತೆಗಿಯಾಣಪ್ಪ. ಆಮೇಲೆ ಕುರಿಗೆ ನಿನ್ನ ಪುಸ್ತಕ ಹಾಕಾಣೇನಲೇ?"

"ಬಿಟ್ರೆ ಮುಂದಿನ ವರ್ಷ ಬೇಳೆನೇ ಇರಲ್ಲ."

ಅತ್ತೆ ಕುರಿಗಳ ಕಡೆ ಕೈ ತೋರಿಸಿದರು. "ಆರು ಕುರಿ ಮರಿಗೆ ಹಾಲು ಕೊಡ್ತಾ ಅವೆ. ಹಸಿರು ಹೋದ್ರೆ ಹಾಲು ಇಳೀತೈತೆ. ಅದನ್ನ ಬರ್ಕಂಡಿದೀಯ?"

ಬರೆದುಕೊಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಮುಳ್ಳನ್ನು ಅವರೇ ಎಳೆದು ಹಾಕಿದರು. ಎಪ್ಪತ್ತೆರಡನ್ನೂ ಬೇರು ಸಮೇತ ಕಿತ್ತೆವು. ಕಿತ್ತ ಗಿಡಗಳ ಮೇವು ಐದು ದಿನಕ್ಕೆ ಮುಗಿಯಿತು. ಆರನೆಯ ದಿನ ಕುರಿಗಳು ಬೇಲಿ ಇದ್ದ ಜಾಗಕ್ಕೇ ಹೋಗಿ ನಿಂತವು. ಮಾರ್ಚ್ ಒಂಬತ್ತರಂದು ಒಂದು ಕುರಿಯ ಅವಳಿ ಮರಿಗಳಲ್ಲಿ ಬಡಕಲಾಗಿದ್ದದ್ದು ಸತ್ತಿತು. ಅತ್ತೆ ಅದನ್ನು ಗೋಣಿಚೀಲದಲ್ಲಿ ಸುತ್ತಿ, ಕೈ ತೊಳೆದುಕೊಂಡು ಬಂದು ನನ್ನ ಪಕ್ಕ ಕುಳಿತರು.

"ಇದನ್ನ ಯಾವ ಕಡೆ ಬರಿತೀಯ?"

ಮುಂದಿನ ಕಡೆ, ತೊಗರಿಯ ಪುಟದಲ್ಲಿ ಬರೆದೆ. ಮುಂದಿನ ಕಾರ್ತಿಕದಲ್ಲಿ ಗೊಡ್ಡು ಗಿಡ ಎಣಿಸಿದಾಗ ಒಂಬತ್ತು ಸಿಕ್ಕವು. ಅದನ್ನು ಮರಿಯ ಕೆಳಗಿನ ಸಾಲಿನಲ್ಲಿ ಬರೆದು, ಆ ಪುಟವನ್ನು ಅತ್ತೆಗೆ ಓದಿ ಹೇಳಿದೆ.