ಸೀಸೆಯಲ್ಲಿ ಉಳಿದ ಮದ್ದು

ಈ ಬೀಳ್ಕೊಡುಗೆ ಲೇಖನಕ್ಕೆ ಒಪ್ಪಿಕೊಂಡ ದಿನ ಈ ಲೇಖಕಿ ತನ್ನ ಡೈರಿಯಲ್ಲಿ ಬರೆದುಕೊಂಡದ್ದು ಒಂದೇ ಸಾಲು: 'ಬರೆದಿದ್ದನ್ನ ನೀನೇ ನಿಂತು ಓದು ಅಂದುಬಿಟ್ಟರೆ?' ನಾಲ್ಕು ಜನರೆದುರು ಅವಳ ನಾಲಿಗೆ ಏಳುವುದಿಲ್ಲ.

ದುಬಾರಿ ಔಷಧಗಳು ಬಡವರಿಗೂ ದಕ್ಕಬೇಕೆಂಬ ಆರೋಗ್ಯ ನೀತಿಯನ್ನು ಕಡತದಿಂದ ರೋಗಿಯ ಹಾಸಿಗೆಯವರೆಗೆ ಕೈಹಿಡಿದು ನಡೆಸಿಕೊಂಡು ಬಂದ ವಿರಳರಲ್ಲಿ, ಇದೀಗ ನಿವೃತ್ತರಾಗುತ್ತಿರುವ ನಮ್ಮ ಆಸ್ಪತ್ರೆಯ ಮುಖ್ಯ ಔಷಧಾಧಿಕಾರಿಗಳು ಅಗ್ರಗಣ್ಯರು. ಮದ್ದಿನ ಒಂದು ಹನಿಯೂ ಪೋಲಾಗಬಾರದೆನ್ನುವ ಅವರು ರೋಗಿಗಳ ಬಾಯಲ್ಲಿ 'ಹನಿ ಮೇಡಂ'. ಮೂವತ್ತನಾಲ್ಕು ವರ್ಷಗಳ ಹಿಂದೆ ಉಗ್ರಾಣದ ಕಿರಿಯ ಹುದ್ದೆಗೆ ಸೇರಿದಂದಿನಿಂದ ಅವರದು ಒಂದೇ ಪ್ರಶ್ನೆ: "ಇದು ಆಮೇಲೆ ಎಲ್ಲಿಗೆ ಹೋಗುತ್ತೆ?" ಪೆಟ್ಟಿಗೆಯೊಂದು ಬಂದಿಳಿದರೆ ಅದರ ಬೆನ್ನುಹತ್ತಿ ವಾರ್ಡಿಗೆ, ಅಲ್ಲಿಂದ ಕಸದ ಡಬ್ಬಿಯವರೆಗೂ ಹೋಗುವರು. "ಬಂದ್ರಪ್ಪಾ ಪತ್ತೇದಾರರು!" ಎಂದು ನರ್ಸುಗಳು ನಗುತ್ತಿದ್ದರು.

ಮೂರು ವರ್ಷಗಳ ಹಿಂದೆ, ಪದವಿ ಮುಗಿಸಿದ ಈ ಲೇಖಕಿ ದಾಖಲೆ ಸಹಾಯಕಿಯಾಗಿ ಬಂದಾಗ, ಅಪರೂಪದ ಕಾಯಿಲೆಯ ಎಂಟು ಮಕ್ಕಳಿಗೆ ಎರಡು ವಾರಕ್ಕೊಮ್ಮೆ ಸರ್ಕಾರದ ವತಿಯಿಂದ ಮದ್ದು ಏರಿಸುವ ಯೋಜನೆ ಆಗಷ್ಟೇ ಶುರುವಾಗಿತ್ತು. ಗಾರೆ ಮೇಸ್ತ್ರಿಯೊಬ್ಬರ ಮಗಳು ಒಂಬತ್ತನೆಯವಳು. ಮಂಜೂರಾದ ಸೀಸೆಗಳು ಎಂಟು ಮಕ್ಕಳಿಗೇ ಮುಗಿಯುತ್ತಿದ್ದರಿಂದ ಅವಳು ಕಾಯುವವರ ಪಟ್ಟಿಯಲ್ಲಿದ್ದಳು. ದಿನ ಗೊತ್ತುಮಾಡುವ ಕೆಲಸ ಲೇಖಕಿಯದು. ಪಾಪ, ದೂರದಿಂದ ಬರುವವರು ಎಂದುಕೊಂಡು ಪ್ರತಿಯೊಬ್ಬರಿಗೂ ಅವರವರ ಅನುಕೂಲದ ದಿನವನ್ನೇ ಕೊಟ್ಟಳು. ಎಲ್ಲರೂ ಹರಸಿದರು.

ಐದನೆಯ ತಿಂಗಳು ಮೇಡಂ ಕಸದ ಡಬ್ಬಿಯ ಮುಂದೆ ಮೊಣಕಾಲೂರಿ ಕುಳಿತಿದ್ದರು. ಮದ್ದಿನ ಪ್ರಮಾಣ ಮಗುವಿನ ತೂಕದ ಮೇಲೆ. ತೆರೆದ ಸೀಸೆಯನ್ನು ಅಂದೇ ಮುಗಿಸಬೇಕು, ಉಳಿದದ್ದು ಕಸಕ್ಕೆ. ಎರಡು ವಾರ ಅವರು ಆ ಸೀಸೆಗಳನ್ನು ಎತ್ತಿಡಿಸಿ, ಉಳಿಕೆಯನ್ನು ಸಿರಿಂಜಿನಲ್ಲಿ ಎಳೆದು ಅಳೆದರು. ಹೆಚ್ಚುಕಡಿಮೆ ನಾಲ್ಕು ಸೀಸೆಯಷ್ಟಾಯಿತು. ಮೇಸ್ತ್ರಿಯ ಮಗಳಿಗೆ ಬೇಕಾಗಿದ್ದದ್ದು ಮೂರು. ಎಲ್ಲರೂ ಒಂದೇ ದಿನ ಬಂದಿದ್ದರೆ ಒಬ್ಬರ ಸೀಸೆಯ ಉಳಿಕೆ ಇನ್ನೊಬ್ಬರಿಗಾಗುತ್ತಿತ್ತು. ಅಷ್ಟರಲ್ಲಿ ಆ ಹುಡುಗಿ ಮೆಟ್ಟಿಲು ಹತ್ತುವುದನ್ನೇ ಬಿಟ್ಟಿದ್ದಳು.

"ದಿನ ಹಂಚಿದ್ದು ಯಾರು?" ಎಂದು ನಿರ್ದೇಶಕರು ಗದರಿದಾಗ ಲೇಖಕಿ ನೆಲ ನೋಡಿದಳು. "ನನ್ನ ವಿಭಾಗ ಸಾರ್, ನನ್ನ ತಪ್ಪು," ಎಂದರು ಮೇಡಂ. ಹೊರಗೆ ಬಂದ ಮೇಲೂ ಅವಳನ್ನು ಒಂದು ಮಾತು ಅನ್ನಲಿಲ್ಲ. "ಎಂಟೂ ಮನೆಯವರನ್ನ ಕರಿ. ಅವರನ್ನೇ ಕೇಳೋಣ," ಎಂದರಷ್ಟೆ.

ಆ ಸಭೆಯೋ, ಸಂತೆ!

"ನಂಗೆ ವಾರದ ರಜೆ ಸೋಮವಾರ ಮಾತ್ರ," ಎಂದ ಬಸ್ ಚಾಲಕ ತಂದೆ.

"ಸೋಮವಾರ ನಂಗೆ ಅಂಗಡಿ ತುಂಬ ಬಟ್ಟೆ," ಎಂದಳು ದರ್ಜಿ ಅಜ್ಜಿ.

ಮೇಡಂ ಇಬ್ಬರನ್ನೂ ನೋಡಿ, ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದರು: "ಆಗ್ಲಿ. ಒಂಬತ್ತನೇ ಮಗೂಗೆ ಯಾವ ದಿನ ಕೊಡೋಣ, ನೀವೇ ಹೇಳಿ."

ಕೊನೆಗೆ ಅಜ್ಜಿಯೇ, "ಸೋಮವಾರಾನೇ ಇರ್ಲಿ ಬಿಡಿ. ಬಟ್ಟೆ ಕಾಯುತ್ತೆ. ಇವನ ಬಸ್ಸೇನು ನಿಂತು ಕಾಯುತ್ತಾ?" ಎಂದಳು. ಚಾಲಕನೇ ಮೊದಲು ನಕ್ಕ.

ಎಂಟು ಮಕ್ಕಳ ಸೀಸೆಗಳಲ್ಲೇ ಒಂಬತ್ತು ಮಕ್ಕಳಿಗೂ ಮದ್ದು ಸಾಕಾದ ಮೊದಲ ಸೋಮವಾರದ ವರದಿಯನ್ನು ಹಿಡಿದು ಮೇಡಂ ಹನ್ನೊಂದು ಸಲ ಇಲಾಖೆಯ ಮೆಟ್ಟಿಲು ಹತ್ತಿದರು. ತಲೆಗಿಷ್ಟು ಸೀಸೆ ಎಂಬ ನಿಯಮ ಹೋಗಿ, ಒಂದು ಕೇಂದ್ರದ ಮಕ್ಕಳಿಗೆಲ್ಲ ಸೇರಿ ಇಷ್ಟು ಎಂಬ ನಿಯಮ ಬಂತು. ಇಂದು ನಮ್ಮಲ್ಲಿ ಇಪ್ಪತ್ಮೂರು ಮಕ್ಕಳಿದ್ದಾರೆ. ಮೇಸ್ತ್ರಿಯ ಮಗಳು ಕಂಬಿ ಹಿಡಿದು ಆರು ಮೆಟ್ಟಿಲು ಹತ್ತುತ್ತಾಳೆ. ಏಳನೆಯದಕ್ಕೆ ಅಪ್ಪನನ್ನು ಬೈಯುತ್ತಾಳೆ.

ಹನಿ ಮೇಡಂ ಅವರಿಗೆ ತುಂಬು ಆಯುಸ್ಸು ಇರಲೆಂದೂ, ಕಸದ ಡಬ್ಬಿಯೊಳಗೂ ಇಣುಕುವ ಆ ಕುತೂಹಲ ಮಾಸದಿರಲೆಂದೂ ಹಾರೈಸಿ ಲೇಖನ ಮುಗಿಸಬಹುದಿತ್ತು. ಆದರೆ ಕಳೆದ ವಾರದ ಸಭೆಯನ್ನು ಬಿಡುವಂತಿಲ್ಲ. ಮೇಡಂ ಜಾಗಕ್ಕೆ ಬರಲಿರುವ ಅಧಿಕಾರಿಗಳು ಒಳ್ಳೆಯ ಮನಸ್ಸಿನಿಂದಲೇ, "ಪಾಪ, ಅವರವರ ಅನುಕೂಲದ ದಿನ ಬರ್ಲಿ ಬಿಡಿ," ಎಂದರು. ತಲೆಗಳೆಲ್ಲ ಆಡಿದವು. ಪಟ್ಟಿಯಲ್ಲಿ ನಾಲ್ಕು ಮಕ್ಕಳು ಕಾಯುತ್ತಿದ್ದರು. ಮೇಡಂ ಬಾಯಿ ತೆರೆಯುವ ಮುನ್ನ ಕುರ್ಚಿಯೊಂದು ಹಿಂದೆ ಸರಿದ ಸದ್ದಾಯಿತು. ಅದು ತನ್ನದೇ ಕುರ್ಚಿಯೆಂದು ಲೇಖಕಿಗೆ ತಿಳಿದದ್ದು ಎದ್ದು ನಿಂತ ಮೇಲೆ.

"ಬೇಡ ಸಾರ್," ಎಂದಳು. "ಹಾಗೆ ಅವತ್ತು ದಿನ ಹಂಚಿದ್ದು ಮೇಡಂ ಅಲ್ಲ, ನಾನು. ನನ್ನಿಂದ ಒಂದು ಮಗು ಐದು ತಿಂಗಳು ಮದ್ದಿಲ್ಲದೆ ಕಾಯ್ತು."